ಕಸುಬಿನ ಪರವಾಗಿ ಸದನದ ನಿರ್ಣಯ ಬೇಕೆ? ಕರಡಿನಿಂದ ದೆಹಲಿಯವರೆಗೆ

ವಿಧಾನಸಭೆಯ ನಿರ್ಣಯ ಕಾನೂನಲ್ಲ, ಸದನದ ಅಭಿಪ್ರಾಯ ಅಷ್ಟೇ. ಹಾಗಿದ್ದರೂ ರಾಜ್ಯದ ಕೈಯಲ್ಲಿಲ್ಲದ ವಿಷಯವನ್ನು ಕೇಂದ್ರದ ಮುಂದಿಡುವಾಗ ಸಂಘದ ಮನವಿಪತ್ರಕ್ಕಿಲ್ಲದ ತೂಕ ಅದಕ್ಕಿರುತ್ತದೆ.

ಅಧಿಕಾರ ಯಾರದು ಎಂಬುದನ್ನು ಮೊದಲು ನೋಡಿಕೊಳ್ಳಿ. ಕಚ್ಚಾ ರೇಷ್ಮೆಯ ಆಮದು ಸುಂಕ ಕೇಂದ್ರದ್ದು. 2011ರ ಬಜೆಟ್‌ನಲ್ಲಿ ಶೇ 30ರಿಂದ 5ಕ್ಕೆ ಇಳಿಸಿದ್ದೂ 2013ರಲ್ಲಿ ಶೇ 15ಕ್ಕೆ ಏರಿಸಿದ್ದೂ ದೆಹಲಿಯೇ. ತುಳು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ (ಮಾನ್ಯ ಭಾಷೆಗಳ ಪಟ್ಟಿ) ಸೇರಬೇಕಾದರೆ, 1992ರಲ್ಲಿ ಕೊಂಕಣಿಗೆ ಆದಂತೆ, ಸಂಸತ್ತು ಸಂವಿಧಾನ ತಿದ್ದಬೇಕು. ಇಂಥವಕ್ಕೆ ನಿರ್ಣಯ ಸರಿ. ತುಳು ಅಥವಾ ಯಕ್ಷಗಾನ ಅಕಾಡೆಮಿಗೆ ಅಧ್ಯಕ್ಷರ ನೇಮಕ, ಅನುದಾನದ ಬಿಡುಗಡೆ ರಾಜ್ಯ ಸರ್ಕಾರದ್ದೇ ಕೆಲಸ. ಅದಕ್ಕೆ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವಂಥದ್ದು) ಸಾಕು. ಸಚಿವರು ‘ಮಾಡುತ್ತೇವೆ’ ಎಂದರೆ ಆ ಮಾತನ್ನು ಸರ್ಕಾರಿ ಭರವಸೆಗಳ ಸಮಿತಿ ಬೆನ್ನುಹತ್ತುತ್ತದೆ.

ಎರಡನೆಯದು, ಒಳಜಗಳ ಮೊದಲೇ ಬಗೆಹರಿಯಬೇಕು. ಹೆಚ್ಚಿನ ಬೇಡಿಕೆಗಳು ಮುಗ್ಗರಿಸುವುದು ಇಲ್ಲೇ. ಕಚ್ಚಾ ರೇಷ್ಮೆಗೆ ಸುಂಕ ಏರಲಿ ಎನ್ನುವವರು ಶಿಡ್ಲಘಟ್ಟ, ರಾಮನಗರದ ಗೂಡು ಬೆಳೆಗಾರರು, ನೂಲು ಬಿಚ್ಚಾಣಿಕೆದಾರರು. ನೂಲು ದುಬಾರಿಯಾದರೆ ಪೆಟ್ಟು ಬೀಳುವುದು ನೇಕಾರರಿಗೆ. ಅವರಿಗೆ ಬೇಕಿರುವುದು ಆಮದು ಬಟ್ಟೆಯ ಮೇಲಿನ ಸುಂಕ. ಸುಂಕಪಟ್ಟಿಯಲ್ಲಿ ಕಚ್ಚಾ ರೇಷ್ಮೆಯ ಶೀರ್ಷಿಕೆ (ಸರಕಿನ ಸಂಖ್ಯೆ) 5002, ರೇಷ್ಮೆ ಬಟ್ಟೆಯದು 5007. ಬರೀ ‘ರೇಷ್ಮೆ’ ಎಂದು ಬರೆದರೆ ನೇಕಾರರ ಕ್ಷೇತ್ರದ ಶಾಸಕರೇ ಎದ್ದು ನಿಲ್ಲುತ್ತಾರೆ.

ಇನ್ನು ಕರಡು. ಒಂದು ನಿರ್ಣಯಕ್ಕೆ ಒಂದೇ ವಿಷಯ. ವಾದ, ವ್ಯಂಗ್ಯ, ನಿಂದೆ ಸಲ್ಲದು. ನ್ಯಾಯಾಲಯದಲ್ಲಿರುವ ವಿಷಯವನ್ನು ಮುಟ್ಟುವಂತಿಲ್ಲ. ‘ಕಣ್ಣುಮುಚ್ಚಿ ಕುಳಿತ ಕೇಂದ್ರವು ಸುಂಕ ಏರಿಸಿ, ರಾಜ್ಯವು ಮಾರುಕಟ್ಟೆ ಕಟ್ಟಿ, ಅಕಾಡೆಮಿಗಳನ್ನೂ ಉಳಿಸಬೇಕು’ ಎಂಬುದು ಸಭಾಧ್ಯಕ್ಷರ ಮೇಜಿನಲ್ಲೇ ತಿರಸ್ಕೃತವಾಗುವ ಬರಹ. ಹೀಗೆ ಬರೆಯಿರಿ:

‘ಕಚ್ಚಾ ರೇಷ್ಮೆಯ (ಶೀರ್ಷಿಕೆ 5002) ಆಮದು ಸುಂಕವನ್ನು ಹೆಚ್ಚಿಸುವಂತೆ ಕೇಂದ್ರವನ್ನು ಒತ್ತಾಯಿಸಬೇಕೆಂದು ಈ ಸದನವು ರಾಜ್ಯ ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ.’

ಅಂಕಿಅಂಶ, ಗೂಡಿನ ದರ, ಆಮದಿನ ಲೆಕ್ಕವೆಲ್ಲ ಎರಡು ಪುಟದ ಪ್ರತ್ಯೇಕ ಟಿಪ್ಪಣಿಯಲ್ಲಿರಲಿ. ಶಾಸಕರು ಭಾಷಣಕ್ಕೆ ಬಳಸಿಕೊಳ್ಳುತ್ತಾರೆ.

ನಿರ್ಣಯ ಮಂಡಿಸುವುದಾಗಿ ಸೂಚನೆ (ನೋಟಿಸ್) ಕೊಡುವವರು ಸಚಿವರಲ್ಲದ ಸದಸ್ಯರಾದರೆ ಅದು ಖಾಸಗಿ ಸದಸ್ಯರ ನಿರ್ಣಯ. ಅದಕ್ಕೆ ಸಿಗುವ ಹೊತ್ತು ಕಡಿಮೆ, ಗದ್ದಲದ ದಿನಗಳಲ್ಲಿ ಮೊದಲು ಹೋಗುವುದೂ ಅದೇ. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಸೂಚನೆ ವಿಧಾನಸಭೆಯ ಸಚಿವಾಲಯ ಸೇರಲಿ. ಇದರ ಜೊತೆಗೇ ಇಲಾಖೆಯ ಸಚಿವರನ್ನೂ ಒಪ್ಪಿಸಲು ಯತ್ನಿಸಿ. ಸರ್ಕಾರವೇ ಮಂಡಿಸಿದರೆ ದಾರಿ ಸಲೀಸು: 2022ರ ಮಾರ್ಚ್‌ನಲ್ಲಿ ಮೇಕೆದಾಟು ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ವಿರೋಧ ಪಕ್ಷದ ಒಬ್ಬಿಬ್ಬರಾದರೂ ಪರವಾಗಿ ಮಾತಾಡುವಂತೆ ನೋಡಿಕೊಂಡರೆ ಒಳ್ಳೆಯದು. ಪಕ್ಷದ ಬಣ್ಣ ಮೆತ್ತಿದ ನಿರ್ಣಯವನ್ನು ದೆಹಲಿಯಲ್ಲಿ ಬದಿಗಿಡುವುದು ಸುಲಭ.

ಮತಕ್ಕೆ ಬಂದಾಗ ಹಾಜರಿದ್ದು ಮತ ಹಾಕಿದವರ ಬಹುಮತ ಸಾಕು. ಕೋರಂ, ಅಂದರೆ ಕಲಾಪ ನಡೆಯಲು ಇರಲೇಬೇಕಾದ ಹಾಜರಾತಿ, ಸದಸ್ಯಬಲದ ಹತ್ತನೇ ಒಂದು ಭಾಗ. 224 ಸದಸ್ಯರ ಸದನದಲ್ಲಿ 23 ಮಂದಿ. ಖಾಸಗಿ ಸದಸ್ಯರ ಕಲಾಪದ ವೇಳೆ ಇದೂ ತಪ್ಪುವುದುಂಟು. ಅಂದು ನಿಮ್ಮ ಭಾಗದ ಶಾಸಕರಿಗೆಲ್ಲ ಬೆಳಿಗ್ಗೆಯೇ ಫೋನ್ ಮಾಡಿ.

ಅಂಗೀಕಾರವಾದ ಮೇಲೆ ಸಂಘಗಳು ಸನ್ಮಾನ ಮಾಡಿ ಮರೆತುಬಿಡುತ್ತವೆ, ಕಡತ ಇಲಾಖೆಯಲ್ಲೇ ಉಳಿಯುತ್ತದೆ. ತಿಂಗಳು ಕಳೆದ ಬಳಿಕ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ, ಕೇಂದ್ರಕ್ಕೆ ಬರೆದ ಪತ್ರದ ಸಂಖ್ಯೆ, ದಿನಾಂಕ, ಪ್ರತಿ ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಉತ್ತರಕ್ಕೆ 30 ದಿನ. ಪತ್ರದ ಸಂಖ್ಯೆ ಸಿಕ್ಕರೆ ನಿಮ್ಮ ಸಂಸದರ ಕೈಗೆ ಕೊಡಿ. ಅದೇ ಸಂಖ್ಯೆ ಉಲ್ಲೇಖಿಸಿ ಅವರು ಲೋಕಸಭೆಯಲ್ಲಿ ಪ್ರಶ್ನೆ ಕೇಳಬಹುದು.