ಹೋಂವರ್ಕ್ ಶುರುವಾಗುವುದು ತರಗತಿಯಲ್ಲೇ

“ನಾಳೆ ತರ್ತೀನಿ ಮಿಸ್” ಎನ್ನುವ ಮಕ್ಕಳ ಗಣಿತದ ನೋಟ್‌ಬುಕ್ ತೆರೆದರೆ ಸೋಮಾರಿತನದ ಸುಳಿವೇ ಇರುವುದಿಲ್ಲ. ಸ್ಕೇಲಿಟ್ಟು ಎಳೆದ ಮಾರ್ಜಿನ್, ಮೂಲೆಯಲ್ಲಿ ತಾರೀಖು, ಬಣ್ಣದ ಪೆನ್ನಿನಲ್ಲಿ ಅಡಿಗೆರೆ ಹಾಕಿದ ಶೀರ್ಷಿಕೆ, ದುಂಡಗೆ ಬರೆದ ಪ್ರಶ್ನೆ. ಅದರ ಕೆಳಗೆ ಖಾಲಿ. ಲೆಕ್ಕವೊಂದನ್ನು ಬಿಟ್ಟು ಅದರ ಸುತ್ತಲಿನ ಕೆಲಸವನ್ನೆಲ್ಲ ಮುಗಿಸಿರುತ್ತಾರೆ.

ಗಣಿತವೆಂದರೆ ಹೆದರುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ ಮನೋವಿಜ್ಞಾನಿಗಳಾದ ಇಯಾನ್ ಲಯನ್ಸ್ ಮತ್ತು ಸಿಯಾನ್ ಬೈಲಾಕ್ 2012ರಲ್ಲಿ ಒಂದು ಸ್ವಾರಸ್ಯದ ಸಂಗತಿ ಪ್ರಕಟಿಸಿದರು. ನೋವಿಗೆ ಸಂಬಂಧಿಸಿದ ಭಾಗಗಳು ಚುರುಕಾಗಿದ್ದು ‘ಈಗ ಲೆಕ್ಕ ಬರುತ್ತದೆ’ ಎಂದು ಗೊತ್ತಾದ ಹೊತ್ತಿನಲ್ಲಿ. ಲೆಕ್ಕ ಬಿಡಿಸುವಾಗ ಹಾಗಾಗಲಿಲ್ಲ. ಅವರು ಪರೀಕ್ಷಿಸಿದ್ದು ದೊಡ್ಡವರನ್ನು, ನಿಜ. ನನ್ನ ಏಳನೇ ತರಗತಿಯಲ್ಲಿ ನಾನು ಕಾಣುವುದೂ ಹೆಚ್ಚುಕಡಿಮೆ ಅದೇ. ಮುಂದೂಡಿದಾಗ ಕ್ಷಣಕ್ಕೆ ನಿರಾಳ, ಆದರೆ ಕಾಯುವ ಸಂಕಟ ಮಲಗುವ ತನಕ ಎಳೆಯುತ್ತದೆ.

ಹಾಗಾಗಿ ಆ ಕಾಯುವಿಕೆಗೇ ಕತ್ತರಿ ಹಾಕಿದೆ. ಪಿರಿಯಡ್ ಮುಗಿಯುವ ಮೊದಲು ಹೋಂವರ್ಕಿನ ಮೊದಲ ಲೆಕ್ಕವನ್ನು ಎಲ್ಲರೂ ಶುರುಮಾಡಬೇಕು. 3/4 + 5/6 ಎಂದಿಟ್ಟುಕೊಳ್ಳಿ. ಛೇದಗಳ ಲ.ಸಾ.ಅ. 12 ಎಂದು ಬರೆದು, 3/4ನ್ನು 9/12 ಮಾಡುತ್ತಾರೆ. ಅಷ್ಟಕ್ಕೇ ಪುಸ್ತಕ ಮುಚ್ಚಿಸುತ್ತೇನೆ. 5/6ರ ಪಾಡು ಮನೆಯಲ್ಲಿ. “ಮಿಸ್, ಇನ್ನೊಂದೇ ಸ್ಟೆಪ್ಪು, ಮುಗಿಸಿಬಿಡ್ತೀವಿ” ಎಂದು ಗೋಗರೆಯುವವರಲ್ಲಿ ‘ನಾಳೆ’ ಗಿರಾಕಿಗಳೂ ಇರುತ್ತಾರೆ! ಆದರೂ ಬಿಡುವುದಿಲ್ಲ. ಮನೆಯಲ್ಲಿ ಪುಸ್ತಕ ತೆರೆದಾಗ ಖಾಲಿ ಹಾಳೆ ಎದುರಾಗಬಾರದು.

ಗಡಿಯಾರ ಹಿಡಿದು ಬಾಯಿಲೆಕ್ಕ ಕೇಳುವುದನ್ನೂ ನಿಲ್ಲಿಸಿದೆ. ದಶಕ ಒಯ್ಯುವಾಗ ಅಂಕಿಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕಲ್ಲ, ಗಾಬರಿ ಬಂದು ಕೂರುವುದು ಆ ಜಾಗದಲ್ಲೇ. ಆಶ್‌ಕ್ರಾಫ್ಟ್ ಮತ್ತು ಕರ್ಕ್ ಎಂಬ ಸಂಶೋಧಕರು 2001ರಷ್ಟು ಹಿಂದೆಯೇ ಇದನ್ನು ಪ್ರಯೋಗದಲ್ಲಿ ತೋರಿಸಿದ್ದರು.

ಎಲ್ಲ ಮುಂದೂಡಿಕೆಯೂ ಭಯದ್ದಲ್ಲ. ಭಿನ್ನರಾಶಿಯೇ ತಲೆಗೆ ಹತ್ತದ ಹುಡುಗನಿಗೆ ಲೆಕ್ಕ ಶುರುಮಾಡಿಸಿ ಕಳಿಸಿದರೆ ಅದು ಶಿಕ್ಷೆ. ಅಂಥವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂದಿನ ವರ್ಷದ ಪಾಠದಿಂದಲೇ ಹೇಳಿಕೊಡಬೇಕು, ಬೇರೆ ದಾರಿಯಿಲ್ಲ. ಉಳಿದವರು ಅರ್ಧ ಮಾಡಿ ತಂದರೂ ಸಹಿ ಹಾಕುತ್ತೇನೆ. ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕಿ ಇಟ್ಟಿರಬೇಕು, ಅಷ್ಟೇ ಷರತ್ತು. ಮರುದಿನದ ಪಾಠ ಹೆಚ್ಚು ಚುಕ್ಕಿ ಬಿದ್ದ ಹಂತದಿಂದ ಆರಂಭ.