ಸ್ಮಾರ್ಟ್‌ಫೋನ್ ಅಂಗಡಿಯಲ್ಲಿ, ಕೀಪ್ಯಾಡ್ ನನ್ನ ಕೈಲಿ

ಮೈಸೂರಿನಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಮದುವೆ ಕರೆಯೋಲೆ, ಸ್ಮರಣ ಸಂಚಿಕೆ, ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತೇನೆ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಆನ್‌ಲೈನ್ ಅರ್ಜಿ ಹಾಕಿಕೊಡುತ್ತೇನೆ. ಇಂಥ ಕೆಲಸ ಮಾಡುವವಳ ಕೈಲಿ ಬಟನ್ ಸೆಟ್ ಕಂಡರೆ ಜನ ತಪ್ಪದೆ ಕೇಳುತ್ತಾರೆ, "ಏನ್ ಮೇಡಂ, ಫೋನ್ ಒಡೆದೋಯ್ತಾ?" ಒಡೆದಿಲ್ಲ. ಬೇಕು ಅಂತಲೇ ಸ್ಮಾರ್ಟ್‌ಫೋನ್ ಬಿಟ್ಟು ಕೀಪ್ಯಾಡ್ ಫೋನಿಗೆ ಬದಲಾಯಿಸಿಕೊಂಡಿದ್ದೇನೆ. ಹೇಗೆ ಅಂತ ಕೇಳುವವರಿಗೆಲ್ಲ ನಿಂತಲ್ಲೇ ಹೇಳಿ ಮುಗಿಯುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಕಾರಣ ನನ್ನ ಕೆಲಸದಲ್ಲೇ ಇತ್ತು. ಪ್ರೂಫ್ ನೋಡುವುದು ನನಗೆ ತುಂಬ ಇಷ್ಟ. ಒಂದು ಕರೆಯೋಲೆಯಲ್ಲಿ ತಾತನ ಹೆಸರಿನಿಂದ ಹಿಡಿದು ಮುಹೂರ್ತದ ಗಳಿಗೆಯವರೆಗೆ ಪ್ರತಿ ಒತ್ತಕ್ಷರ, ಪ್ರತಿ ದೀರ್ಘ ಸರಿಯಿರಬೇಕು. ಅದಕ್ಕೆ ಕಣ್ಣು ಒಂದೇ ಕಡೆ ನಿಲ್ಲಬೇಕು. ಆದರೆ ಎರಡು ಸಾಲು ಓದುವಷ್ಟರಲ್ಲಿ ಕೈ ಫೋನಿನ ಕಡೆ ಹೋಗುತ್ತಿತ್ತು. ಯಾರೂ ಕರೆದಿರುತ್ತಿರಲಿಲ್ಲ, ಏನೂ ಬಂದಿರುತ್ತಿರಲಿಲ್ಲ. ಸುಮ್ನೆ ಹೋಗುತ್ತಿತ್ತು. ವಾಪಸ್ ಬಂದಾಗ ಯಾವ ಸಾಲಿನಲ್ಲಿದ್ದೆ ಅಂತ ಹುಡುಕಬೇಕು. ರಾತ್ರಿ ಮನೆಯಲ್ಲೂ ಅದೇ ಕಥೆ. ಆ್ಯಪ್ ತೆಗೆದು ಹಾಕಿದೆ, ನೋಟಿಫಿಕೇಶನ್ ಬಂದ್ ಮಾಡಿದೆ. ಫೋನ್ ಜೇಬಲ್ಲಿರುವ ತನಕ ಅದೆಲ್ಲ ಕೆಲವು ದಿನದ ಮಾತು.

ನನ್ನ ಅನುಭವದಲ್ಲಿ ಇದರಲ್ಲಿ ಮನೋಬಲಕ್ಕಿಂತ ಏರ್ಪಾಡಿನ ಕೆಲಸವೇ ಜಾಸ್ತಿ. ಸ್ಮಾರ್ಟ್‌ಫೋನ್ ನಮಗೆ ಹತ್ತಾರು ಕೆಲಸ ಮಾಡಿಕೊಡುತ್ತಿರುತ್ತದೆ. ಅದನ್ನು ಬಿಡುವ ಮೊದಲು ಆ ಒಂದೊಂದು ಕೆಲಸಕ್ಕೂ ಬೇರೆ ಜಾಗ ಹುಡುಕಬೇಕು. ನಾನು ಒಂದು ಹಾಳೆ ತೆಗೆದುಕೊಂಡು ಎಡಕ್ಕೆ ಕೆಲಸ, ಬಲಕ್ಕೆ ಜಾಗ ಅಂತ ಬರೆದುಕೊಂಡೆ. ಬಲಗಡೆ ಭರ್ತಿಯಾಗುವವರೆಗೂ ಹೊಸ ಫೋನ್ ಕೊಳ್ಳಲಿಲ್ಲ.

ಮೊದಲು ವಾಟ್ಸಾಪ್. ಗಿರಾಕಿಗಳು ಫೋಟೊ, ಪಿಡಿಎಫ್ ಎಲ್ಲ ಅದರಲ್ಲೇ ಕಳಿಸುವುದು. ಅದಿಲ್ಲದೆ ಅಂಗಡಿ ನಡೆಯುವುದಿಲ್ಲ. ಅಂಗಡಿಗೆ ಅಂತ ಬೇರೆ ಸಿಮ್ ತೆಗೆದುಕೊಂಡು ಹಳೆಯ ಸ್ಮಾರ್ಟ್‌ಫೋನಿಗೆ ಹಾಕಿದೆ, ಆ ನಂಬರಿನಲ್ಲೇ ವಾಟ್ಸಾಪ್ ಶುರು ಮಾಡಿದೆ. ಬೋರ್ಡ್ ಮೇಲೂ ಬಿಲ್ ಮೇಲೂ ಈಗ ಅದೇ ನಂಬರ್. ಆ ಫೋನ್ ಅಂಗಡಿ ಬಿಟ್ಟು ಹೊರಗೆ ಬರುವುದಿಲ್ಲ. ಚಾರ್ಜರ್ ಜೊತೆ ಪ್ರಿಂಟರ್ ಪಕ್ಕದ ಶೆಲ್ಫಿನಲ್ಲಿರುತ್ತದೆ. ಮೆಸೇಜ್‌ಗಳನ್ನು ಕಂಪ್ಯೂಟರಿನಲ್ಲೇ ನೋಡುತ್ತೇನೆ. ಮಗಳ ಶಾಲೆಯ ಗ್ರೂಪನ್ನೂ ಅದಕ್ಕೇ ಹಾಕಿಸಿಕೊಂಡೆ. ಹೋಂವರ್ಕ್ ಬಂದರೆ ಅಲ್ಲೇ ಪ್ರಿಂಟ್ ತೆಗೆದು ಮನೆಗೆ ಒಯ್ಯುತ್ತೇನೆ. ನೆಂಟರಿಗೆಲ್ಲ ಗೊತ್ತಿರುವ, ಬ್ಯಾಂಕು ಆಧಾರಿಗೆ ಜೋಡಿಸಿರುವ ನನ್ನ ಹಳೆಯ ನಂಬರ್ ಮಾತ್ರ ಕೀಪ್ಯಾಡಿಗೆ ಅಂತ ಇಟ್ಟೆ. ಒಟಿಪಿ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ, ಅದಕ್ಕೆ ಬಟನ್ ಫೋನ್ ಸಾಕು. ಅರ್ಜಿ ಹಾಕಿಸಲು ಹಳ್ಳಿಯಿಂದ ಬರುವ ಎಷ್ಟೋ ಹಿರಿಯರು ಅಂಥದ್ದನ್ನೇ ತಂದು "ನೋಡವ್ವ, ನಂಬರ್ ಬಂತು" ಅಂತ ಮುಂದೆ ಹಿಡಿಯುತ್ತಾರೆ. ನನಗೆ ಧೈರ್ಯ ಬಂದಿದ್ದೇ ಅವರನ್ನು ನೋಡಿ.

ಆಮೇಲೆ ದುಡ್ಡು. ಅಂಗಡಿಗೆ ದುಡ್ಡು ಬರುವುದಕ್ಕೆ ನನ್ನ ಕೈಲಿ ಸ್ಮಾರ್ಟ್‌ಫೋನ್ ಬೇಕಿಲ್ಲ. ಕ್ಯೂಆರ್ ಸ್ಟಿಕ್ಕರ್ ಗೋಡೆ ಮೇಲಿದೆ, ದುಡ್ಡು ಬಂತು ಅಂತ ಸ್ಪೀಕರ್ ಡಬ್ಬ ಕನ್ನಡದಲ್ಲೇ ಕೂಗಿ ಹೇಳುತ್ತದೆ. ಕೊಡುವುದಕ್ಕೆ ದಾರಿ ಬೇಕಿತ್ತು. ದಿನದ ಖರ್ಚಿಗೆ ಪರ್ಸಿನಲ್ಲಿ ನೋಟು, ಚಿಲ್ಲರೆ ಇಟ್ಟುಕೊಳ್ಳುವ ಅಭ್ಯಾಸ ಮತ್ತೆ ಮಾಡಿಕೊಂಡೆ. ಕಾಗದದ ಹೋಲ್‌ಸೇಲ್ ಅಂಗಡಿಗೆ, ಕರೆಂಟ್ ಬಿಲ್ಲಿಗೆ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್. ಇನ್ನು ಅರ್ಜೆಂಟಿಗೆ *99#.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಗೊತ್ತಿರುವವರು ಕಡಿಮೆ. ಬ್ಯಾಂಕಿಗೆ ಕೊಟ್ಟಿರುವ ನಂಬರಿನಿಂದ *99# ಡಯಲ್ ಮಾಡಿದರೆ ಪರದೆ ಮೇಲೆ ಮೆನು ಬರುತ್ತದೆ. ಇಂಟರ್‌ನೆಟ್ ಬೇಡ. ಮೊದಲ ಸಲ ಬ್ಯಾಂಕ್ ಯಾವುದು ಅಂತ ಹೇಳಿ, ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು-ವರ್ಷ ಕೊಟ್ಟು ಯುಪಿಐ ಪಿನ್ ಮಾಡಿಕೊಳ್ಳಬೇಕು. ಆಮೇಲೆ 1 ಒತ್ತಿದರೆ ದುಡ್ಡು ಕಳಿಸುವುದು, 3 ಒತ್ತಿದರೆ ಬ್ಯಾಲೆನ್ಸ್ ನೋಡುವುದು. ದುಡ್ಡು ಪಡೆಯುವವರ ಮೊಬೈಲ್ ನಂಬರ್ ಯುಪಿಐಗೆ ಜೋಡಣೆಯಾಗಿದ್ದರೆ ಸಾಕು. ಒಂದು ಸಲಕ್ಕೆ 5000 ರೂಪಾಯಿವರೆಗೆ ಹೋಗುತ್ತದೆ. ಎರಡು ವಿಷಯ ನೆನಪಿಡಿ. ತುಂಬ ನಿಧಾನ ಮಾಡಿದರೆ ಮೆನು ತಾನೇ ಮುಚ್ಚಿಹೋಗುತ್ತದೆ. ಹಾಗಾಗಿ ನಂಬರ್, ಮೊತ್ತ ಮೊದಲೇ ಚೀಟಿಯಲ್ಲಿ ಬರೆದುಕೊಂಡು ಕೂರುತ್ತೇನೆ. ಇನ್ನೊಂದು, ಪಿನ್ ಒತ್ತುವಾಗ ಅಂಕಿಗಳು ಪರದೆ ಮೇಲೆ ಹಾಗೇ ಕಾಣುತ್ತವೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಗೆ ಕಾಣದ ಹಾಗೆ ಬೇರೆ ಕಡೆ ತಿರುಗಿ ಒತ್ತಿ. ಇದಲ್ಲದೆ 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಬಟನ್ ಫೋನುಗಳಿಗಾಗಿಯೇ ಯುಪಿಐ 123ಪೇ ಶುರು ಮಾಡಿತು. ಅದರಲ್ಲಿ ಫೋನ್ ಕರೆ ಮಾಡಿ, ಕೇಳಿಸಿಕೊಂಡು ದುಡ್ಡು ಕಳಿಸಬಹುದು. ನನಗೆ *99# ರೂಢಿಯಾಗಿರುವುದರಿಂದ ಅದರಲ್ಲೇ ಇದ್ದೇನೆ.

ಉಳಿದವು ಸಲೀಸು. ಸಿಲಿಂಡರ್ ಬುಕ್ ಮಾಡಲು ಮಿಸ್ಡ್ ಕಾಲ್ ಸಾಕು, ಡೆಲಿವರಿಯವರಿಗೆ ಹೇಳಬೇಕಾದ ಕೋಡ್ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ. ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್‌ಗೆ ಆಧಾರ್ ಕಾರ್ಡನ್ನೇ ತೋರಿಸುತ್ತೇನೆ. ಆಟೋ ಬೇಕಾದರೆ ಸ್ಟ್ಯಾಂಡಿಗೆ ಹೋಗುತ್ತೇನೆ. ಬೆಳಿಗ್ಗೆ ಏಳುವುದಕ್ಕೆ ಒಂದು ಅಲಾರಂ ಗಡಿಯಾರ ಕೊಂಡೆ.

ಫೋನ್ ಕೊಳ್ಳುವಾಗ ಎಚ್ಚರ ಬೇಕು. ತೀರ ಕಡಿಮೆ ಬೆಲೆಯ ಸೆಟ್‌ಗಳಲ್ಲಿ ಬರೀ 2ಜಿ ಇರುತ್ತದೆ. ಜಿಯೋಗೆ 2ಜಿ ನೆಟ್‌ವರ್ಕೇ ಇಲ್ಲ, ಅದು 4ಜಿಯಿಂದಲೇ ಶುರುವಾದ ಕಂಪನಿ. ಅಂಥ ಸೆಟ್‌ಗೆ ಜಿಯೋ ಸಿಮ್ ಹಾಕಿದರೆ ಸಿಗ್ನಲ್ಲೇ ಬರುವುದಿಲ್ಲ. ನಾನು 4ಜಿ ಇರುವ ಕೀಪ್ಯಾಡನ್ನೇ ಆರಿಸಿಕೊಂಡೆ, ಮುಂದೆ ಕಂಪನಿ ಬದಲಿಸಿದರೂ ನಡೆಯಲಿ ಅಂತ. ಇನ್ನು ಸಿಮ್ಮಿನ ಗಾತ್ರ. ಸ್ಮಾರ್ಟ್‌ಫೋನಿನದು ನ್ಯಾನೋ ಸಿಮ್, ಉಗುರಿನಷ್ಟು. ಎಷ್ಟೋ ಕೀಪ್ಯಾಡ್ ಸೆಟ್‌ಗಳ ಜಾಗ ಅದಕ್ಕಿಂತ ದೊಡ್ಡದು. ಪ್ಲಾಸ್ಟಿಕ್ಕಿನ ಚೌಕಟ್ಟು ಸಿಗುತ್ತದೆ, ಅದರೊಳಗೆ ಸಿಮ್ ಕೂರಿಸಿ ಒಳಗೆ ಜಾರಿಸಬೇಕು. ಬರೀ ಚೌಕಟ್ಟನ್ನು ಮಾತ್ರ ತೂರಿಸಬೇಡಿ, ಒಳಗಿನ ತಂತಿಗಳಿಗೆ ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿಸಿ, ಮನೆಗೊಂದು ಕಾಲ್ ಮಾಡಿ, ಕನ್ನಡದಲ್ಲಿ ಒಂದು ಮೆಸೇಜ್ ತರಿಸಿಕೊಂಡು ಓದಿ ನೋಡಿ. ಅಕ್ಷರದ ಬದಲು ಚೌಕ ಚೌಕ ಕಂಡರೆ ಬೇರೆ ಸೆಟ್ ಕೇಳಿ.

ರೀಚಾರ್ಜ್ ವಿಷಯದಲ್ಲಿ ಈಗ ಅನುಕೂಲ ಇದೆ. ಡೇಟಾ ಬೇಡದವರಿಗೆ ಬರೀ ಮಾತು, ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನಿಯಮ ಮಾಡಿತು. ಅಂಥ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು. ರೀಚಾರ್ಜ್ ಅಂಗಡಿಯವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಕನ್ನಡದಲ್ಲಿ ಎಸ್ಸೆಮ್ಮೆಸ್ ಬರೆಯುವುದರಲ್ಲಿ ನನಗೆ ಹೊಸ ಖುಷಿ ಸಿಕ್ಕಿತು. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಮೆಸೇಜಿಗೆ 160 ಹಿಡಿಸುತ್ತವೆ, ಕನ್ನಡದಲ್ಲಿ ಬರೀ 70. ಅದೂ ನಾವು ಎಣಿಸುವ ಅಕ್ಷರ ಅಲ್ಲ. ಗುಣಿತದ ಗುರುತು, ಸೊನ್ನೆ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. "ಕಿ" ಅಂದರೆ ಎರಡು, "ಕ್ಷ" ಅಂದರೆ ಮೂರು. ಯೂನಿಕೋಡಿನಲ್ಲಿ ದಿನಾ ಟೈಪ್ ಮಾಡುವ ನನಗೆ ಇದು ಗೊತ್ತಿದ್ದ ವಿಷಯವೇ. ಆದರೂ ಬಟನ್ ಒತ್ತಿ ಒತ್ತಿ ಬರೆಯುವಾಗ ಒಂದೊಂದು ಗುರುತಿನ ಬೆಲೆಯೂ ತಿಳಿಯುತ್ತದೆ. "ಪ್ರೂಫ್ ರೆಡಿ. ಸಂಜೆ ಬನ್ನಿ." ಅಷ್ಟೇ ಬರೆಯುತ್ತೇನೆ. ಅದಕ್ಕಿಂತ ಜಾಸ್ತಿ ಮಾತಿದ್ದರೆ ಫೋನ್ ಮಾಡುತ್ತೇನೆ.

ನಂಬರುಗಳನ್ನು ಕೈಯಿಂದಲೇ ಸೇರಿಸಿದೆ. ಸಿಮ್ಮಿನಲ್ಲಿ ಸಾಮಾನ್ಯವಾಗಿ 250 ಹೆಸರು ಹಿಡಿಸುತ್ತವೆ, ಉದ್ದದ ಹೆಸರು ಅರ್ಧಕ್ಕೇ ತುಂಡಾಗುತ್ತದೆ. ಹಾಗಾಗಿ ಫೋನಿನ ಮೆಮೊರಿಗೇ ಹಾಕಿಕೊಂಡೆ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲೂ ಬರೆದಿಟ್ಟೆ. ಬರೆಯುತ್ತಾ ಹೋದಂತೆ ಎಷ್ಟೋ ದಿನದಿಂದ ಮಾತಾಡದವರ ಹೆಸರು ಸಿಕ್ಕವು. ಕೆಲವರಿಗೆ ಅಲ್ಲೇ ಕಾಲ್ ಮಾಡಿದೆ.

ಈ ಸೆಟ್ಟಿನಲ್ಲಿ ರೇಡಿಯೋ ಇದೆ, ಇಯರ್‌ಫೋನ್ ತಂತಿಯೇ ಏರಿಯಲ್. ಬೆಳಿಗ್ಗೆ ಅಡುಗೆ ಮಾಡುವಾಗ ಮೈಸೂರು ಆಕಾಶವಾಣಿ 100.6ಕ್ಕೆ ಹಾಕುತ್ತೇನೆ. ವಾರ್ತೆ ಮುಗಿದರೆ ಮುಗಿಯಿತು, ಅದರ ಹಿಂದೆ ಇನ್ನೊಂದು ಬಾ ಅಂತ ಕರೆಯುವುದಿಲ್ಲ. ಪ್ರೂಫಿಗೆ ಈಗ ಕೂತರೆ ಒಂದು ಫಾರಂ ಪೂರ್ತಿ, ಅಂದರೆ ಹದಿನಾರು ಪುಟ, ಒಂದೇ ಓಟಕ್ಕೆ ನೋಡಿ ಏಳುತ್ತೇನೆ. ಇದಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು.

ಎಲ್ಲರಿಗೂ ಇದು ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಊಟ, ಪಾರ್ಸೆಲ್ ಡೆಲಿವರಿ ಮಾಡುವವರು, ಆ್ಯಪ್‌ನಿಂದಲೇ ಬಾಡಿಗೆ ಸಿಗುವ ಚಾಲಕರು, ಆಶಾ ಕಾರ್ಯಕರ್ತೆಯರು, ಇವರಿಗೆಲ್ಲ ಫೋನೇ ಹೊಟ್ಟೆಪಾಡು. ನನಗೆ ಕೂರುವ ಜಾಗದಲ್ಲೇ ಕಂಪ್ಯೂಟರ್ ಇದೆ, ಅದಕ್ಕೇ ಸಾಧ್ಯವಾಯಿತು. ನಮ್ಮನೆಯವರ ಹತ್ತಿರ ಸ್ಮಾರ್ಟ್‌ಫೋನ್ ಇದೆ. ಹೊಸ ಊರಿಗೆ ಹೋದಾಗ ದಾರಿ ನೋಡುವುದು, ಮಗಳ ಡ್ಯಾನ್ಸ್ ವಿಡಿಯೋ ತೆಗೆಯುವುದು ಅವರ ಪಾಲಿಗೆ ಬಿದ್ದಿದೆ. ಮನೆಯಲ್ಲಿ ಒಬ್ಬರ ಹತ್ತಿರವೂ ಇಲ್ಲದಿದ್ದರೆ ಕಷ್ಟವೇ.

ನಿಜವಾಗಿ ಬೇಜಾರಾಗಿದ್ದು ನೆಂಟರ ಗ್ರೂಪಿನ ವಿಷಯಕ್ಕೆ. ಯಾರದೋ ಸೀಮಂತ, ಯಾರಿಗೋ ಆಪರೇಷನ್, ಎಲ್ಲ ಅಲ್ಲೇ ಹಾಕುತ್ತಾರೆ. ಹಾಕಿದ ಮೇಲೆ ಎಲ್ಲರಿಗೂ ಹೇಳಿದ ಹಾಗೆ ಆಯಿತು ಅಂದುಕೊಳ್ಳುತ್ತಾರೆ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ತಡವಾಗುತ್ತಿತ್ತು. ಒಂದು ದಿನ ಅಕ್ಕನಿಗೆ ಬಾಯಿ ಬಿಟ್ಟು ಕೇಳಿದೆ, "ಮುಖ್ಯವಾದ್ದು ಏನಾದ್ರೂ ಬಂದ್ರೆ ನಂಗೊಂದು ಫೋನ್ ಮಾಡೇ." ಈಗ ಅವಳು ಭಾನುವಾರ ತಿಂಡಿ ಮುಗಿಸಿ ಫೋನ್ ಮಾಡುತ್ತಾಳೆ. ಗ್ರೂಪಿನಲ್ಲಿ ಬಂದಿದ್ದನ್ನೂ ಹೇಳುತ್ತಾಳೆ, ಬರದಿದ್ದನ್ನೂ ಹೇಳುತ್ತಾಳೆ.