ಒಬ್ಬರೇ ಬ್ರೇಕ್, ಕ್ಲಚ್ ಗಾಳಿ ತೆಗೆಯಲು ಒನ್-ವೇ ಬ್ಲೀಡರ್

ಕಾರವಾರ, ಅಂಕೋಲಾ ಕಡೆಯ ಕಾರುಗಳಲ್ಲಿ ಹೊಸ ಬ್ಲೀಡರ್ (ಬ್ರೇಕ್, ಕ್ಲಚ್ ಫ್ಲೂಯಿಡ್ಡಿಗೆ ಸೇರಿದ ಗಾಳಿ ಹೊರಬಿಡುವ ಸ್ಕ್ರೂ) ಹಾಕುವುದಕ್ಕಿಂತ ಹಳೆಯದನ್ನು ಬಿಚ್ಚುವುದೇ ದೊಡ್ಡ ಕೆಲಸ. ಉಪ್ಪುಗಾಳಿಗೆ ತುಕ್ಕು ಹಿಡಿದು ಕ್ಯಾಲಿಪರ್‌ಗೇ (ಚಕ್ರದ ಬಳಿ ಬ್ರೇಕ್ ಪ್ಯಾಡ್ ಒತ್ತುವ ಭಾಗ) ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಆರು ಮೂಲೆಯ ಸಾಕೆಟ್ಟೇ ಬೇಕು. ಓಪನ್ ಸ್ಪ್ಯಾನರ್ ಮೂಲೆ ಸವೆಸಿ ಜಾರುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆ ಅಲುಗಿಸಿ, ಆಮೇಲೆ ಬಿಚ್ಚಿ.

ಹಳೆಯದರ ಪಕ್ಕ ಹೊಸದನ್ನಿಟ್ಟು ಥ್ರೆಡ್ ಅಳತೆ (ಮಿ.ಮೀ.ನಲ್ಲಿ ವ್ಯಾಸ × ಎಳೆಗಳ ಅಂತರ: ಎಂ8×1.25, ಎಂ10×1.0 ಇತ್ಯಾದಿ), ಉದ್ದ, ತುದಿಯ ಮೊನೆ ಹೋಲಿಸಿ. ಒಳಗಿನ ಸ್ಪ್ರಿಂಗ್ ಮತ್ತು ಗುಂಡು ಫ್ಲೂಯಿಡ್ಡನ್ನು ಹೊರಬಿಟ್ಟು ಗಾಳಿ ವಾಪಸ್ ಒಳಗೆ ಬಾರದಂತೆ ತಡೆಯುತ್ತವೆ. ಥ್ರೆಡ್ ಮೇಲಿನ ಸೀಲಂಟ್ ಲೇಪಕ್ಕೆ ವೈರ್ ಬ್ರಷ್ ತಾಗಿಸಬೇಡಿ. ಅದು ಹೋದರೆ ಸಂದಿಯಿಂದ ಗಾಳಿ ಎಳೆದು, ಎಷ್ಟು ಪಂಪ್ ಮಾಡಿದರೂ ಗುಳ್ಳೆ ನಿಲ್ಲದು.

ಪಾರದರ್ಶಕ ಪೈಪ್ ಸಿಕ್ಕಿಸಿ ಬ್ಲೀಡರನ್ನು ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಸಡಿಲಿಸಿ, ಪೆಡಲ್ ನಿಧಾನಕ್ಕೆ ಒತ್ತಿ ಬಿಡಿ. ಎಂಟು-ಹತ್ತು ಸಲಕ್ಕೊಮ್ಮೆ ಕಾರಿನ ಫ್ಲೂಯಿಡ್ ಡಬ್ಬಿಗೆ ಫ್ಲೂಯಿಡ್ ಹಾಕಿ. ಖಾಲಿಯಾದರೆ ಎಲ್ಲವೂ ಮೊದಲಿಂದ. ಕ್ಲಚ್ ಪೆಡಲ್ ಕೆಳಗೇ ಕೂತರೆ ಕೈಯಿಂದ ಎತ್ತಬೇಕು. ಕಳೆದ ಮಳೆಗಾಲದಲ್ಲಿ ತೆರೆದಿಟ್ಟ ಟಿನ್ ಬೇಡವೇ ಬೇಡ, ತೇವ ಹೀರಿರುತ್ತದೆ.

ಬಿಗಿಯುವಾಗ ಕೈ ಹಗುರವಿರಲಿ, ಒಳಗೆ ಟೊಳ್ಳು, ಮುರಿಯುತ್ತದೆ. ರಬ್ಬರ್ ಟೋಪಿ ಹಾಕುವ ಮೊದಲು ಪೆಡಲ್ ಒತ್ತಿ ಹಿಡಿದು ಸೋರಿಕೆ ನೋಡಿ. ಪೇಂಟಿಗೆ ಚೆಲ್ಲಿದ್ದನ್ನು ಕೂಡಲೇ ನೀರಿನಿಂದ ತೊಳೆಯಿರಿ.